ಅಷ್ಟಷ್ಟೇ, ಆಗಾಗ: ನಾಯಿಯ ಉಗುರಿನ ಆರೈಕೆ

ಭಾನುವಾರ ಬೆಳಗಿನ ಹತ್ತು ಗಂಟೆಯ ಸಮಯ. ನುಣುಪಾದ ಟೈಲುಗಳನ್ನು ಹಾಸಿದ ನಡುಮನೆಯಲ್ಲಿ ಟಕಟಕನೆ ಸದ್ದುಮಾಡುತ್ತ, ಅಡುಗೆಮನೆಯ ಬಾಗಿಲಿಗೂ ಬಾಲ್ಕನಿಗೂ ನಡುವೆ ಗಸ್ತು ತಿರುಗುತ್ತಿದ್ದ ನಾಯಿಯು, ಬೀರುವಿನ ಕೆಳಗಿನ ಖಾನೆಯನ್ನು ಯಾರೋ ಎಳೆದ ಶಬ್ದ ಕಿವಿಗೆ ಬಿದ್ದೊಡನೆಯೇ ನಿಂತುಬಿಡುತ್ತದೆ. ಹಳೆಯ ಕೀಲಿಗಳು, ಟೇಪು, ಬಲ್ಬು ಮುಂತಾದ ಸಾಮಗ್ರಿಗಳ ನಡುವೆ ತನ್ನ ಉಗುರು ತೆಗೆಯುವ ಉಪಕರಣವೂ ಅದೇ ಖಾನೆಯಲ್ಲಿದೆಯೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಯಜಮಾನರು ಆ ಉಪಕರಣವನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಎಂದೂ ಇಲ್ಲದ ಮಾಧುರ್ಯವನ್ನು ಕಂಠಕ್ಕೆ ತಂದುಕೊಂಡು, ಹೆಸರು ಹಿಡಿದು ಕರೆಯುವಷ್ಟರಲ್ಲಿ ನಾಯಿ ಮಂಚದಡಿಯ ಗೋಡೆಮೂಲೆಯನ್ನು ಸೇರಿಯಾಗಿರುತ್ತದೆ. ಮುಂದಿನ ಪ್ರಕರಣವು ನಾಯಿ ಸಾಕಿದ ಎಷ್ಟೋ ಮನೆಗಳಿಗೆ ಪರಿಚಿತವಾದದ್ದು: ಒಬ್ಬರು ಕೊರಳನ್ನೂ ಇನ್ನೊಬ್ಬರು ಹಿಂಗಾಲುಗಳನ್ನೂ ಅವಚಿ ಹಿಡಿಯುವುದು, ಮೂರನೆಯವರು ದೇವರ ಮೇಲೆ ಭಾರ ಹಾಕಿ ಕತ್ತರಿಯಾಡಿಸುವುದು, ಒಂದು ಚೀತ್ಕಾರ, ನೆಲದ ಮೇಲೆ ನಾಲ್ಕು ತೊಟ್ಟು ರಕ್ತ, ಪರಸ್ಪರ ದೋಷಾರೋಪಣೆ, ಆ ಬಳಿಕ ಮೂರು ತಿಂಗಳ ಕಾಲ ಉಗುರಿನ ಮಾತನ್ನೇ ಯಾರೂ ಎತ್ತದಿರುವುದು.

ಆ ಮೂರು ತಿಂಗಳ ಮೌನದಲ್ಲಿಯೇ ಮುಂದಿನ ಸಲದ ಚೀತ್ಕಾರವೂ ಬೆಳೆಯುತ್ತಿರುತ್ತದೆ. ಅದು ಹೇಗೆಂಬುದನ್ನು ಅರಿಯಬೇಕಾದರೆ ನಾಯಿಯ ಬೆರಳ ತುದಿಯಲ್ಲಿ ಏನಿದೆಯೆಂಬುದನ್ನು ಮೊದಲು ನೋಡಬೇಕು.

ಬೆರಳ ತುದಿಯ ರಚನೆ

ನಾಯಿ ನಡೆಯುವುದು ಬೆರಳುಗಳ ಮೇಲೆ. ಅದರ ಹಿಮ್ಮಡಿಯು ಹಿಂಗಾಲಿನ ನಡುಭಾಗದಲ್ಲಿ, ಹಿಂದಕ್ಕೆ ಮುರಿದಂತೆ ಕಾಣುವ ಗಂಟಿನಲ್ಲಿದೆ. ನಾವು ಪಾದವೆಂದು ಕರೆಯುವ ಭಾಗವು ವಾಸ್ತವವಾಗಿ ಬೆರಳುಗಳ ಸಮೂಹ. ಒಂದೊಂದು ಕಾಲಿನಲ್ಲಿಯೂ ನಾಲ್ಕು ಬೆರಳುಗಳು ಶರೀರದ ಭಾರವನ್ನು ಹೊರುತ್ತವೆ. ಪ್ರತಿ ಬೆರಳಿನ ಕೊನೆಯ ಎಲುಬು ಮುಂದಕ್ಕೆ ಕೊಕ್ಕಿನಾಕಾರದಲ್ಲಿ ಬಾಗಿದ್ದು, ಅದನ್ನು ರಕ್ತನಾಳಗಳಿಂದಲೂ ನರತಂತುಗಳಿಂದಲೂ ತುಂಬಿದ ಮೃದುವಾದ ಅಂಗಾಂಶವು ಆವರಿಸಿದೆ. ಅದರ ಹೊರಗೆ ಕೆರಟಿನ್ ಎಂಬ ಗಡುಸಾದ ಪದಾರ್ಥದ ಕವಚ. ಈ ಕವಚವೇ ಉಗುರು. ಪಶುವೈದ್ಯರು ಕ್ವಿಕ್ ಎನ್ನುವ ಒಳಗಿನ ಸಜೀವ ಭಾಗವನ್ನು ಈ ಲೇಖನದಲ್ಲಿ ಜೀವಾಳವೆಂದು ಕರೆಯೋಣ. ಪೆನ್ಸಿಲಿನ ಮರದೊಳಗೆ ಸೀಸದ ಕಡ್ಡಿ ಹುದುಗಿರುವಂತೆ ಜೀವಾಳವು ಉಗುರಿನ ಒಳಗೆ ಹುದುಗಿದೆ, ಆದರೆ ತುದಿಯವರೆಗೆ ಬಾರದೆ ಸ್ವಲ್ಪ ಹಿಂದೆಯೇ ಮುಗಿಯುತ್ತದೆ. ಅದರಿಂದಾಚೆಗಿನ ಭಾಗವನ್ನು ಎಷ್ಟು ಕತ್ತರಿಸಿದರೂ ನೋವಿಲ್ಲ, ಜೀವಾಳಕ್ಕೆ ಅಲಗು ತಾಗಿದರೆ ನೋವೂ ರಕ್ತವೂ ಒಟ್ಟಿಗೇ ಬರುತ್ತವೆ.

ಬೆಕ್ಕಿನ ಉಗುರಿಗೂ ನಾಯಿಯ ಉಗುರಿಗೂ ಒಂದು ಮುಖ್ಯ ಭೇದವಿದೆ. ಬೆಕ್ಕು ನಡೆಯುವಾಗ ಉಗುರನ್ನು ಒಳಗೆಳೆದುಕೊಂಡು, ಬೇಕಾದಾಗ ಮಾತ್ರ ಹೊರಚಾಚುತ್ತದೆ. ಆದುದರಿಂದಲೇ ಅದರ ನಡಿಗೆ ನಿಶ್ಶಬ್ದ, ಉಗುರು ಸದಾ ಚೂಪು. ನಾಯಿಗೆ ಈ ಸೌಕರ್ಯವಿಲ್ಲ. ಅದರ ಉಗುರು ಯಾವಾಗಲೂ ಹೊರಗೇ ಇದ್ದು, ನೆಲ ಕೆದರುವುದಕ್ಕೂ, ಓಟದಲ್ಲಿ ಜಾರದಂತೆ ನೆಲವನ್ನು ಕಚ್ಚಿ ಹಿಡಿಯುವುದಕ್ಕೂ, ಎಲುಬಿನ ತುಂಡನ್ನು ಒತ್ತಿಕೊಂಡು ಕಡಿಯುವುದಕ್ಕೂ ಉಪಯೋಗವಾಗುತ್ತದೆ.

ಇದಲ್ಲದೆ ಮುಂಗಾಲಿನ ಒಳಮಗ್ಗುಲಲ್ಲಿ, ನೆಲಕ್ಕೆ ತಾಗದಷ್ಟು ಮೇಲೆ, ಐದನೆಯದೊಂದು ಉಗುರುಂಟು. ಅದು ನಮ್ಮ ಹೆಬ್ಬೆರಳಿಗೆ ಸಮಾನವಾದದ್ದು. ನಿರುಪಯೋಗಿಯಾದ ಅವಶೇಷವೆಂದು ಹಲವರು ಅದನ್ನು ಕಡೆಗಣಿಸುವುದುಂಟು. ಆದರೆ ಮುಧೋಳ ನಾಯಿಯಂಥ ಬೇಟೆನಾಯಿ ಪೂರ್ಣವೇಗದಲ್ಲಿ ಓಡುವಾಗ ಅದರ ಮಣಿಕಟ್ಟು ನೆಲದವರೆಗೂ ಬಾಗುವುದರಿಂದ, ಈ ಹೆಬ್ಬೆರಳು ನೆಲಕ್ಕೆ ತಾಗಿ, ಮೊಲ ಥಟ್ಟನೆ ದಿಕ್ಕು ಬದಲಿಸಿದಾಗ ತಾನೂ ತಿರುಗುವುದಕ್ಕೆ ಆಸರೆ ಕೊಡುತ್ತದೆ. ಫ್ಲ್ಯಾಟಿನಲ್ಲಿ ವಾಸಿಸುವ ನಾಯಿಗೆ ಬೆನ್ನಟ್ಟಲು ಮೊಲವಿಲ್ಲವಾದ್ದರಿಂದ ಈ ಉಗುರು ಸವೆಯುವ ಸಂದರ್ಭವೇ ಬರುವುದಿಲ್ಲ.

ನೆಲವೇ ಅರವಾಗಿದ್ದಾಗ

ಹಳ್ಳಿಯ ನಾಯಿಯ ಉಗುರನ್ನು ಯಾರಾದರೂ ಕತ್ತರಿಸಿದ್ದನ್ನು ಕಂಡವರುಂಟೆ? ಹತ್ತನೆಯ ಶತಮಾನದ ಮಧ್ಯಭಾಗದಲ್ಲಿ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿದ, ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನಲ್ಲಿ ಶಾಶ್ವತವಾಗಿ ನಿಂತಿರುವ ಕಾಳಿಯೆಂಬ ನಾಯಿಯ ಆರೈಕೆಯಲ್ಲಿ ನಖಚ್ಛೇದನವೂ ಸೇರಿತ್ತೆಂದು ಊಹಿಸಲು ಯಾವ ಕಾರಣವೂ ಇಲ್ಲ. ಕಲ್ಲುನೆಲದ ಮೇಲೆ ಹಗಲಿರುಳು ಅಲೆದು, ಬಿಲಗಳನ್ನು ತೋಡಿ, ಬೇಲಿ ನುಗ್ಗಿ, ಬದುಗಳನ್ನೇರಿ ಇಳಿಯುವ ಪ್ರಾಣಿಗೆ ನೆಲವೇ ಅರವಾಗಿ, ಬೆಳೆದಷ್ಟನ್ನು ಅಂದಂದಿಗೇ ತೇಯ್ದುಬಿಡುತ್ತಿತ್ತು. ಇಂದಿಗೂ ಬೀದಿನಾಯಿಗಳಲ್ಲಿ ಬಹುಪಾಲಿನವಕ್ಕೆ ಡಾಮರು ರಸ್ತೆಯೂ ಚರಂಡಿಯ ಚಪ್ಪಡಿಯೂ ಈ ಸೇವೆಯನ್ನು ಪುಕ್ಕಟೆಯಾಗಿ ಮಾಡುತ್ತಿವೆ.

ನಗರದ ಸಾಕುನಾಯಿಯ ಸ್ಥಿತಿ ಬೇರೆ. ಗ್ರಾನೈಟೂ ವಿಟ್ರಿಫೈಡ್ ಟೈಲೂ ಉಗುರನ್ನು ಸವೆಸಲಾರವು. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆಯ ತಿರುಗಾಟ, ಅದೂ ಪಾರ್ಕಿನ ಹುಲ್ಲಿನ ಮೇಲೆಯಾದರೆ, ಬೆಳವಣಿಗೆಗೆ ಸಾಟಿಯಾಗುವುದಿಲ್ಲ. ಶಿಟ್ಜು, ಲಾಸಾ ಆಪ್ಸೊ, ಪಗ್ ಮುಂತಾದ ಹಗುರವಾದ ಜಾತಿಗಳು ನೆಲದ ಮೇಲೆ ಹಾಕುವ ಒತ್ತಡವೇ ಕಡಿಮೆ, ಅವುಗಳಲ್ಲಿ ಕೆಲವಕ್ಕೆ ಪಾದದ ಕೂದಲು ಉಗುರನ್ನು ಮುಚ್ಚಿಯೂ ಬಿಡುವುದರಿಂದ ಯಜಮಾನರ ಕಣ್ಣಿಗೆ ಅದು ಬೀಳುವುದೂ ತಡವಾಗಿ. ವೃದ್ಧಾಪ್ಯದಲ್ಲಿ ಓಡಾಟ ಕುಗ್ಗಿದಾಗ ಯಾವ ಜಾತಿಯ ನಾಯಿಗಾದರೂ ಇದೇ ಅವಸ್ಥೆ. ಉಗುರನ್ನು ಸವೆಸುತ್ತಿದ್ದ ನೆಲವನ್ನು ನಾಯಿಯಿಂದ ಕಿತ್ತುಕೊಂಡವರು ನಾವಾದುದರಿಂದ, ಆ ನೆಲದ ಕೆಲಸವೂ ನಮ್ಮ ಪಾಲಿಗೇ ಬಂದಿದೆಯೆಂದು ನಾನು ತಿಳಿದಿದ್ದೇನೆ. ಇದನ್ನು ಅಲಂಕಾರದ ಬಾಬತ್ತಿಗೆ ಸೇರಿಸುವುದು ಸರಿಯಲ್ಲ.

ಬೆಳೆದರೆ ಏನಾದೀತು?

ನಿಂತ ನಾಯಿಯ ಉಗುರು ನೆಲಕ್ಕೆ ತಾಗಬಾರದು. ಸಪಾಟಾದ ನೆಲದ ಮೇಲೆ ಉಗುರಿನ ತುದಿಗೂ ನೆಲಕ್ಕೂ ನಡುವೆ ಒಂದು ಕಾಗದ ಸಲೀಸಾಗಿ ನುಸುಳುವಂತಿರಬೇಕು. ಉಗುರು ಅದಕ್ಕಿಂತ ಉದ್ದವಾದಾಗ ಪ್ರತಿ ಹೆಜ್ಜೆಯಲ್ಲಿಯೂ ನೆಲವು ಅದನ್ನು ಹಿಂದಕ್ಕೆ ಒತ್ತುತ್ತದೆ, ಆ ಒತ್ತಡ ಬೆರಳಿನ ಕೀಲಿಗೆ ಮುಟ್ಟುತ್ತದೆ, ಬೆರಳು ಮೇಲಕ್ಕೋ ಪಕ್ಕಕ್ಕೋ ವಾಲುತ್ತದೆ. ಬಿಗಿಯಾಗಿ ಕೂಡಿರಬೇಕಾದ ಬೆರಳುಗಳು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ನೋವನ್ನು ತಪ್ಪಿಸಿಕೊಳ್ಳಲೋಸುಗ ನಾಯಿ ಭಾರವನ್ನು ಹಿಂದಕ್ಕೆ ಸರಿಸಿ ನಿಲ್ಲುವುದನ್ನು ಕಲಿಯುತ್ತದೆ. ಹೀಗೆ ನಿಂತು ನಿಂತು ಮೇಲಿನ ಕೀಲುಗಳಿಗೂ ಬೆನ್ನಿಗೂ ಆಯಾಸ ತಟ್ಟುತ್ತದೆ. ಸಂಧಿವಾತವಿರುವ ಮುದಿನಾಯಿಗೆ ಇದು ಗಾಯದ ಮೇಲೆ ಬರೆ.

ನುಣುಪು ನೆಲದ ಮೇಲೆ ಪಾದದ ಮೆತ್ತೆಗಿಂತ ಮೊದಲು ಉಗುರೇ ತಾಗುವುದರಿಂದ ನಾಯಿ ಜಾರುತ್ತದೆ. ಚಾಪೆಯ ನೂಲಿಗೋ ಸೋಫಾದ ಬಟ್ಟೆಗೋ ಸಿಕ್ಕಿಕೊಂಡ ಉದ್ದನೆಯ ಉಗುರು ಬುಡದಿಂದಲೇ ಸೀಳಿಹೋಗುವುದುಂಟು, ಆ ನೋವಿನ ಮುಂದೆ ಕತ್ತರಿಯ ತಪ್ಪು ಎಷ್ಟೋ ಸಣ್ಣದು. ಇನ್ನು ನೆಲ ಕಾಣದ ಆ ಹೆಬ್ಬೆರಳಿನ ಉಗುರಾದರೋ, ಯಾರೂ ನೋಡದೆ ಬಿಟ್ಟರೆ ವೃತ್ತಾಕಾರವಾಗಿ ಸುತ್ತಿ ಬಂದು ತನ್ನ ಬುಡದ ಚರ್ಮವನ್ನೇ ತೂರಿಕೊಂಡು ಒಳಗಿಳಿಯುತ್ತದೆ, ಕೀವು ಕಟ್ಟುತ್ತದೆ. ಕೆಲವು ಜಾತಿಗಳಿಗೆ, ಮುಖ್ಯವಾಗಿ ಬ್ರಿಯಾರ್, ಬೋಸರಾನ್ ಎಂಬ ಫ್ರಾನ್ಸಿನ ಕುರಿಗಾವಲಿನ ನಾಯಿಗಳಿಗೆ, ಹಿಂಗಾಲಿನಲ್ಲಿಯೂ ಇಂಥ ಬೆರಳು, ಅದೂ ಜೋಡಿಯಾಗಿ ಇರುತ್ತದೆ.

ನಾಯಿಯ ಬೆರಳಿಗೂ ಓಟಕ್ಕೂ ಇರುವ ಸಂಬಂಧವನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಅದನ್ನು ಬಳಸಿದ ರೀತಿ ಮಾತ್ರ ಕ್ರೂರವಾದದ್ದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜನ ಅರಣ್ಯದ ಆಸುಪಾಸಿನಲ್ಲಿ ವಾಸಿಸುತ್ತಿದ್ದವರ ನಾಯಿಗಳು ರಾಜನ ಜಿಂಕೆಗಳನ್ನು ಬೆನ್ನಟ್ಟದಂತೆ ಅವುಗಳ ಮುಂಗಾಲಿನ ಮೂರು ಬೆರಳುಗಳನ್ನು ಕಡಿದುಹಾಕುವ ಪದ್ಧತಿಯಿತ್ತು. ಮೂರನೆಯ ಹೆನ್ರಿಯ ಹೆಸರಿನಲ್ಲಿ 1217ರಲ್ಲಿ ಹೊರಟ ಅರಣ್ಯ ಸನ್ನದು ಆ ಪದ್ಧತಿಯನ್ನು ರದ್ದುಮಾಡದೆ, ಮೂರು ವರ್ಷಕ್ಕೊಮ್ಮೆ ತನಿಖೆ ನಡೆಯತಕ್ಕದ್ದೆಂದೂ, ಬೆರಳು ಕಡಿಯದ ನಾಯಿಯ ಒಡೆಯನು ಮೂರು ಷಿಲಿಂಗು ದಂಡ ತೆರತಕ್ಕದ್ದೆಂದೂ, ಪಾದದ ಮೆತ್ತೆಯನ್ನು ಮಾತ್ರ ಕಡಿಯಕೂಡದೆಂದೂ ನಿಯಮವಿಟ್ಟಿತು. ಆ ಕಾಲಕ್ಕೆ ಇದನ್ನೇ ಪ್ರಜೆಗಳಿಗೆ ದೊರೆತ ರಿಯಾಯಿತಿಯೆಂದು ಎಣಿಸಿದರಂತೆ!

ಉಪಕರಣಗಳು

ಅಂಗಡಿಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ ದೊರೆಯುತ್ತವೆ. ರಂಧ್ರದೊಳಗೆ ಉಗುರನ್ನು ತೂರಿಸಿ ಹಿಡಿಕೆ ಒತ್ತಿದಾಗ ಅಲಗು ಸರಿದು ಬಂದು ಕತ್ತರಿಸುವ ಗಿಲೊಟಿನ್ ಮಾದರಿಯು ಸಣ್ಣ ನಾಯಿಗಳಿಗೆ ಒಪ್ಪುತ್ತದೆ. ಇಕ್ಕಳದಾಕಾರದ ಕತ್ತರಿಯು ಲ್ಯಾಬ್ರಡಾರ್, ಜರ್ಮನ್ ಷೆಪರ್ಡ್ ಮೊದಲಾದವುಗಳ ದಪ್ಪ ಉಗುರಿಗೆ ಬೇಕು. ಮನುಷ್ಯರ ನೇಲ್‌ಕಟರ್ ಮರಿಗಳ ಎಳೆಯ ಉಗುರಿಗೆ ಸಾಕಾದೀತು, ಬೆಳೆದ ನಾಯಿಯ ದುಂಡನೆಯ ಉಗುರನ್ನಾದರೆ ಅದು ಕತ್ತರಿಸುವ ಬದಲು ಹಿಸುಕುತ್ತದೆ. ಮೊಂಡಾದ ಅಲಗಿನ ದೋಷವೂ ಇದೇ. ಜೀವಾಳಕ್ಕೆ ತಾಗದಿದ್ದಾಗಲೂ ನಾಯಿ ಕಾಲೆಳೆದುಕೊಂಡರೆ ಅಲಗನ್ನು ಸಂಶಯಿಸುವುದು ನ್ಯಾಯ.

ವಿದ್ಯುತ್ತಿನಿಂದ ತಿರುಗುವ ಗ್ರೈಂಡರು ಉಗುರನ್ನು ಸ್ವಲ್ಪಸ್ವಲ್ಪವಾಗಿ ತೇಯುತ್ತದೆ, ಆದುದರಿಂದ ಕಪ್ಪು ಉಗುರಿಗೆ ಒಳ್ಳೆಯದು. ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ಬಿಸಿಯೇರುತ್ತದೆ. ಉದ್ದ ಕೂದಲು ಅದಕ್ಕೆ ಸುತ್ತಿಕೊಳ್ಳುತ್ತದೆ. ಅದರ ಗುಂಯ್‌ಗುಟ್ಟುವ ಶಬ್ದ ಎಲ್ಲ ನಾಯಿಗಳಿಗೂ ಹಿಡಿಸುವುದಿಲ್ಲ.

ಬಿಳಿಯುಗುರು, ಕರಿಯುಗುರು

ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದೆಂದು ಮನೆಯ ಹಿರಿಯರು ವಿಧಿಸುತ್ತಿದ್ದ ನಿಷೇಧವು ಮನುಷ್ಯರ ವಿಷಯದಲ್ಲಿ ಇಂದು ಎಷ್ಟು ಪ್ರಸ್ತುತವೋ ಕಾಣೆ, ನಾಯಿಯ ವಿಷಯದಲ್ಲಂತೂ ಅದನ್ನು ಅಕ್ಷರಶಃ ಪಾಲಿಸಬೇಕು. ಕಿಟಕಿಯ ಬಳಿ ಹಗಲಿನ ಬೆಳಕಿನಲ್ಲಿ ಬಿಳಿಯುಗುರನ್ನು ನೋಡಿದರೆ ಒಳಗಿನ ಜೀವಾಳವು ನಸುಗೆಂಪಾಗಿ ಕಾಣುತ್ತದೆ. ಆ ಗುಲಾಬಿ ರೇಖೆ ಮುಗಿದ ಮೇಲೆ ಒಂದೆರಡು ಮಿಲಿಮೀಟರಿನಷ್ಟು ಬಿಟ್ಟು ಕತ್ತರಿಸಿದರೆ ಕೆಲಸ ಮುಗಿಯಿತು.

ಕರಿಯುಗುರಿನಲ್ಲಿ ಈ ದರ್ಶನಭಾಗ್ಯವಿಲ್ಲ. ಅಲ್ಲಿ ಕತ್ತರಿಸಿದ ಮುಖವನ್ನೇ ಓದುವುದನ್ನು ಕಲಿಯಬೇಕು. ಮೊದಲು ತುದಿಯನ್ನು ಕೆಳಗಿನಿಂದ ನೋಡಿದರೆ, ತುದಿಯ ಭಾಗವು ಟೊಳ್ಳಾಗಿ, ತೋಡಿನಂತೆ ಕಾಣುವುದು ಕಣ್ಣಿಗೆ ಬೀಳುತ್ತದೆ; ಟೊಳ್ಳು ಮುಗಿದು ಉಗುರು ತುಂಬಿಕೊಳ್ಳುವಲ್ಲಿಂದ ಜೀವಾಳದ ನೆರೆ ಆರಂಭ. ಆ ಟೊಳ್ಳು ತುದಿಯನ್ನು ತೆಗೆದ ಮೇಲೆ ಅಕ್ಕಿಕಾಳಿನ ತುದಿಗಿಂತ ದಪ್ಪವಲ್ಲದ ತೆಳುಬಿಲ್ಲೆಗಳನ್ನಾಗಿ ಕತ್ತರಿಸುತ್ತ, ಪ್ರತಿ ಸಲವೂ ನಿಂತು ಆ ಮುಖವನ್ನು ನೋಡಬೇಕು. ಒಣಗಿ ಬೆಳ್ಳಗೆ ಪುಡಿಪುಡಿಯಾಗಿದ್ದರೆ ಇನ್ನೂ ಅವಕಾಶವಿದೆ. ನಡುವೆ ಒಂದು ದುಂಡನೆಯ, ತುಸು ತೇವವುಳ್ಳ, ಬೂದು ಅಥವಾ ಕಪ್ಪು ಚುಕ್ಕೆ ಕಾಣಿಸಿಕೊಂಡಿತೋ, ಅಲ್ಲಿಗೆ ಕೈ ನಿಲ್ಲಬೇಕು; ಅದರ ಬೆನ್ನಿಗೇ ಜೀವಾಳವಿದೆ. ನಾಯಿಗೆ ಒಂದಾದರೂ ಬಿಳಿಯುಗುರಿದ್ದರೆ, ಅದರಲ್ಲಿ ಜೀವಾಳ ಎಲ್ಲಿಯವರೆಗೆ ಬಂದಿದೆಯೆಂಬುದನ್ನು ನೋಡಿಕೊಂಡು ಉಳಿದವನ್ನು ಅಂದಾಜುಮಾಡಬಹುದು, ಆದರೆ ಅಂದಾಜು ಅಂದಾಜೇ.

ಹಿಡಿತದ ವಿಷಯದಲ್ಲಿ ಎರಡು ಮಾತು. ಬೆರಳಿನ ಕೆಳಗಣ ಮೆತ್ತೆಯನ್ನು ತೋರುಬೆರಳಿನಿಂದಲೂ ಮೇಲ್ಭಾಗವನ್ನು ಹೆಬ್ಬೆರಳಿನಿಂದಲೂ ಮೃದುವಾಗಿ ಒತ್ತಿದರೆ ಉಗುರು ಮುಂದಕ್ಕೆ ಚಾಚಿಕೊಳ್ಳುತ್ತದೆ. ನಾಯಿಯ ಕಾಲು ಹಿಂದೆ ಮುಂದೆ ಸುಲಭವಾಗಿ ಆಡುವಂತೆ ಪಕ್ಕಕ್ಕೆ ಆಡುವುದಿಲ್ಲ; ಅದನ್ನು ಮಗ್ಗುಲಿಗೆಳೆದು ನಮ್ಮ ಕಣ್ಣಿನ ಅನುಕೂಲಕ್ಕೆ ತಿರುಚುವವರೇ ಹೆಚ್ಚು, ಆಗ ನಾಯಿ ಕೊಸರಾಡುವುದು ಉಗುರಿನ ಭಯದಿಂದಲ್ಲ, ಹೆಗಲಿನ ನೋವಿನಿಂದ.

ರಕ್ತ ಬಂದರೆ

ಎಷ್ಟೇ ಜಾಗರೂಕರಾಗಿದ್ದರೂ ಒಂದಲ್ಲ ಒಂದು ದಿನ ಜೀವಾಳಕ್ಕೆ ತಾಗಿಯೇ ತಾಗುತ್ತದೆ. ಕ್ಷೌರಿಕರ ಪೆಟ್ಟಿಗೆಯಲ್ಲಿ ತಲೆತಲಾಂತರದಿಂದ ಇರುವ ಪಟಿಕವೇ ಇಲ್ಲಿಯೂ ಸಹಾಯಕ. ಪುಡಿಮಾಡಿದ ಪಟಿಕವನ್ನು ಉಗುರಿನ ತುದಿಗೆ ಒತ್ತಿ ಎರಡು ಮೂರು ನಿಮಿಷ ಹಿಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ. ಪಶುವೈದ್ಯರಲ್ಲಿ ಫೆರಿಕ್ ಸಬ್‌ಸಲ್ಫೇಟ್ ಬೆರೆತ ಪುಡಿ, ಸಿಲ್ವರ್ ನೈಟ್ರೇಟ್ ಕಡ್ಡಿ ಇರುತ್ತವೆ. ಏನೂ ಇಲ್ಲದಿದ್ದರೆ ಕಾರ್ನ್‌ಫ್ಲೋರ್ ಆದರೂ ಸರಿಯೆ. ಒರೆಸಿ ಒರೆಸಿ ನೋಡುತ್ತಿದ್ದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ. ಒತ್ತಿ ಹಿಡಿಯದ ಹೊರತು ಯಾವ ಪುಡಿಯೂ ಸಾಲದು.

ಕಾಲು ಗಂಟೆಯಾದರೂ ನಿಲ್ಲದ ರಕ್ತ ಬೇರೊಂದು ಕಥೆಯನ್ನು ಹೇಳುತ್ತಿರಬಹುದು. ನಮ್ಮ ನಾಡಿನಲ್ಲಿ ಉಣ್ಣೆಗಳಿಂದ ಹರಡುವ ಜ್ವರವು ನಾಯಿಯ ರಕ್ತದಲ್ಲಿನ ಪ್ಲೇಟ್‌ಲೆಟ್‌ಗಳನ್ನು ಕುಗ್ಗಿಸುತ್ತದೆ. ಡಾಬರ್‌ಮನ್ ಜಾತಿಯಲ್ಲಿ ವಾನ್ ವಿಲೆಬ್ರಾಂಡ್ ಎಂಬ ಆನುವಂಶಿಕ ರಕ್ತದೋಷ ಹೆಚ್ಚಾಗಿ ಕಂಡುಬರುತ್ತದೆ. ಇಂಥ ನಾಯಿಗಳಲ್ಲಿ ರೋಗದ ಮೊದಲ ಸುಳಿವು ಉಗುರಿನ ಗಾಯದಿಂದಲೇ ಸಿಕ್ಕಿರುವುದುಂಟು.

ಮಂಚದಡಿಯ ಭಯ

ಅಲಗಿನ ವಿದ್ಯೆಯನ್ನು ಒಂದು ಬೆಳಗಿನಲ್ಲಿ ಕಲಿಯಬಹುದು. ಹೆಚ್ಚು ಸಮಯ ಬೇಡುವುದು ನಾಯಿಯ ಮನಸ್ಸು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಷ್ಯದ ಇವಾನ್ ಪಾವ್ಲೊವ್, ತನ್ನ ಪ್ರಯೋಗಶಾಲೆಯ ನಾಯಿಗಳು ಆಹಾರವನ್ನು ಕಾಣುವ ಮುಂಚೆಯೇ, ಆಹಾರ ತರುವವನ ಸುಳಿವಿಗೇ ಜೊಲ್ಲು ಸುರಿಸುವುದನ್ನು ಗಮನಿಸಿ, ಒಂದು ಸಂಗತಿ ಇನ್ನೊಂದರ ಮುನ್ಸೂಚನೆಯಾಗಿ ಮನಸ್ಸಿನಲ್ಲಿ ನೆಲೆಗೊಳ್ಳುವ ಬಗೆಯನ್ನು ಶೋಧಿಸಿದನು. ಖಾನೆಯ ಶಬ್ದಕ್ಕೇ ನಾಯಿ ಮಂಚದಡಿ ಸೇರುವುದು ಇದೇ ನ್ಯಾಯದಿಂದ. ಇಂಥ ನಂಟನ್ನು ಬಿಡಿಸಲೂ ಬಹುದೆಂದು ತೋರಿಸಿದವರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಮೊದಲಿಗರು. ಮೊಲವನ್ನು ಕಂಡರೆ ಹೆದರುತ್ತಿದ್ದ ಪುಟ್ಟ ಬಾಲಕನೊಬ್ಬನಿಗೆ ಪ್ರಿಯವಾದ ತಿಂಡಿಯನ್ನು ಕೊಡುತ್ತ, ಮೊಲವನ್ನು ದೂರದಿಂದ ಕ್ರಮಕ್ರಮವಾಗಿ ಹತ್ತಿರಕ್ಕೆ ತಂದು, ಕಡೆಗೆ ಅವನೇ ಅದನ್ನು ಮುಟ್ಟುವಂತೆ ಮಾಡಿದ ವೃತ್ತಾಂತವನ್ನು ಆಕೆ 1924ರಲ್ಲಿ ಪ್ರಕಟಿಸಿದರು.

ಮನೆಯಲ್ಲಿ ಅನುಸರಿಸಬೇಕಾದುದೂ ಇದನ್ನೇ. ಉಪಕರಣವನ್ನು ಖಾನೆಯಲ್ಲಿ ಅಡಗಿಸಿಡದೆ ನಾಯಿ ತಿರುಗಾಡುವೆಡೆಯಲ್ಲಿಯೇ ಕಾಣುವಂತಿಟ್ಟು, ಅದನ್ನು ಮೂಸಿದಾಗ ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ಕೊಡುವುದು. ಕೆಲವು ದಿನಗಳ ಮೇಲೆ, ಉಗುರಿನ ಗೊಡವೆಯಿಲ್ಲದೆ, ಸುಮ್ಮನೆ ಪಾದವನ್ನು ಮುಟ್ಟಿ ಬಿಟ್ಟು ತಿಂಡಿ ಕೊಡುವುದು. ಬಳಿಕ ಲೋಹವನ್ನು ಉಗುರಿಗೆ ತಾಗಿಸಿ ಮಾತ್ರ ತೆಗೆಯುವುದು. ಒಂದು ದಿನ ಒಂದೇ ಒಂದು ಉಗುರಿನ ತುದಿಯನ್ನು ಕತ್ತರಿಸಿ, ಅಲ್ಲಿಗೆ ನಿಲ್ಲಿಸುವುದು. ಈ ನಿಲ್ಲಿಸುವುದೇ ಕಷ್ಟ. ಒಂದು ಸಾಧಿಸಿದೊಡನೆ ಉಳಿದ ಹದಿನೇಳನ್ನೂ ಮುಗಿಸಿಬಿಡೋಣವೆಂಬ ಆಸೆ ಮನುಷ್ಯಸಹಜವಾದದ್ದು. ಹತ್ತು ದಿನಗಳ ವಿಶ್ವಾಸವನ್ನು ಐದು ನಿಮಿಷದಲ್ಲಿ ಕಳೆಯುವುದೂ ಆ ಆಸೆಯೇ. ತಿಂಡಿ ಮೊದಲು ಬಂದು ಅಲಗು ಆಮೇಲೆ ಬಂದರೆ ನಾಯಿ ತಿಂಡಿಯನ್ನೇ ಸಂಶಯಿಸತೊಡಗುತ್ತದೆ, ಆದುದರಿಂದ ಕ್ರಮವೂ ಮುಖ್ಯ: ಸ್ಪರ್ಶ ಮುಂದೆ, ತಿಂಡಿ ಹಿಂದೆ.

ನಾಯಿ ಗುರುಗುಟ್ಟುವ ಎಷ್ಟೋ ಮೊದಲೇ ತನ್ನ ಅಸಮ್ಮತಿಯನ್ನು ಸೂಚಿಸುತ್ತದೆ: ನಿದ್ದೆಯಿಲ್ಲದ ಆಕಳಿಕೆ, ತುಟಿ ನೆಕ್ಕಿಕೊಳ್ಳುವುದು, ಮುಖವನ್ನು ಅತ್ತ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ಪಾದವನ್ನು ಮೆಲ್ಲನೆ ಹಿಂದಕ್ಕೆಳೆದುಕೊಳ್ಳುವುದು. ಆಗಲೇ ಬಿಟ್ಟರೆ ಅದಕ್ಕೆ ತನ್ನ ಮಾತು ನಡೆಯುತ್ತದೆಂಬ ಧೈರ್ಯ ಬರುತ್ತದೆ, ಬಿಡದಿದ್ದರೆ ಹಲ್ಲು ತೋರಿಸುವುದನ್ನು ಕಲಿಯುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯುವವರು ಎಚ್ಚರಿಕೆಯ ಗಂಟೆಯನ್ನು ಕಿತ್ತುಹಾಕಿ ಕಚ್ಚುವಿಕೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ.

ಅಲಗನ್ನು ಒಲ್ಲೆನೆಂಬ ನಾಯಿಗೆ ಇನ್ನೊಂದು ಉಪಾಯವುಂಟು. ಅಗಲವಾದ ಹಲಗೆಗೆ ಉಪ್ಪುಕಾಗದವನ್ನು ಅಂಟಿಸಿ, ಓರೆಯಾಗಿ ಹಿಡಿದು, ನಾಯಿ ಅದನ್ನು ಮುಂಗಾಲಿನಿಂದ ಕೆರೆದಾಗಲೆಲ್ಲ ತಿಂಡಿ ಕೊಟ್ಟರೆ, ಅದು ತನ್ನ ಉಗುರನ್ನು ತಾನೇ ತೇಯ್ದುಕೊಳ್ಳುತ್ತದೆ. ಹೆಬ್ಬೆರಳಿನ ಉಗುರು ಇದರಿಂದ ಸವೆಯದು, ಹಿಂಗಾಲಿಗೆ ಈ ವಿದ್ಯೆಯನ್ನು ಕಲಿಸುವುದು ಪ್ರಯಾಸ. ಯಾವುದಕ್ಕೂ ಬಗ್ಗದಷ್ಟು ಭಯಗೊಂಡ ನಾಯಿಯನ್ನು ಪಶುವೈದ್ಯರಲ್ಲಿಗೆ ಒಯ್ದು, ಅಗತ್ಯವೆನಿಸಿದರೆ ಅವರು ಕೊಡುವ ಮಂಪರಿನ ಔಷಧದಲ್ಲಿಯೇ ಉಗುರು ತೆಗೆಸುವುದರಲ್ಲಿ ಅವಮಾನವೇನಿಲ್ಲ. ಮನೆಯವರ ನಿದ್ದೆಮಾತ್ರೆಯನ್ನು ನಾಯಿಗೆ ನುಂಗಿಸುವ ದುಸ್ಸಾಹಸ ಮಾತ್ರ ಕೂಡದು.

ಹಿಂದೆ ಸರಿಯುವ ಜೀವಾಳ

ಉಗುರು ಬೆಳೆದಂತೆ ಒಳಗಿನ ಜೀವಾಳವೂ ಅದರೊಂದಿಗೆ ಮುಂದೆ ಬರುತ್ತದೆ. ಮೂರು ತಿಂಗಳು ಬಿಟ್ಟ ಉಗುರನ್ನು ಸರಿಯಾದ ಅಳತೆಗೆ ಒಂದೇ ಸಲ ತರಹೊರಟರೆ ಅಲಗು ಜೀವಾಳದ ನಡುವೆಯೇ ಹಾಯುವುದು ಅನಿವಾರ್ಯ. ಕತ್ತರಿಸಿದವರ ಕೈಯಲ್ಲಿ ಎಷ್ಟೇ ಕುಶಲತೆಯಿದ್ದರೂ ಫಲ ಅದೇ. ಆದರೆ ವಾರಕ್ಕೊಮ್ಮೆ ತುದಿಯನ್ನಷ್ಟೇ ಸ್ವಲ್ಪ ಸ್ವಲ್ಪ ತೆಗೆಯುತ್ತ ಬಂದಲ್ಲಿ, ಸಮೀಪಿಸಿದ ಗಾಳಿಬೆಳಕಿಗೆ ಹಿಂಜರಿದಂತೆ ಜೀವಾಳವು ತಾನಾಗಿ ಹಿಂದಕ್ಕೆ ಸರಿಯುತ್ತದೆ, ಕೆಲವು ವಾರಗಳಲ್ಲಿ ಉದ್ದ ಉಗುರೂ ಮೊಟಕಾಗುತ್ತದೆ. ಒಮ್ಮೆ ಆ ಅಳತೆಗೆ ಬಂದ ಮೇಲೆ ಮೂರು ನಾಲ್ಕು ವಾರಗಳಿಗೊಮ್ಮೆ ಕೈಯಾಡಿಸಿದರೆ ಸಾಕು. ನಾಯಿಯ ಭಯವೂ ಇದೇ ಲೆಕ್ಕಾಚಾರದಲ್ಲಿ ಹಿಂದೆ ಸರಿಯುವುದರಿಂದ, ಅಪರೂಪಕ್ಕೊಮ್ಮೆ ಹದಿನೆಂಟನ್ನೂ ಮುಗಿಸುವ ಮಹಾಯಜ್ಞಕ್ಕಿಂತ ದಿನಕ್ಕೆರಡು ಉಗುರಿನ ಅಲ್ಪಕಾರ್ಯವೇ ಮೇಲು.

ಹೀಗೆ ಆಗಾಗ ಪಾದವನ್ನು ಕೈಯಲ್ಲಿ ಹಿಡಿದು ನೋಡುವವರಿಗೆ ಬೆರಳುಸಂದಿಯ ಉಣ್ಣೆ, ಮೆತ್ತೆಗೆ ಚುಚ್ಚಿದ ಮುಳ್ಳು ಬೇಗ ಕಾಣುತ್ತವೆ. ಕತ್ತರಿಗೆ ನಿಲುಕದ ರೋಗಗಳೂ ಕಾಣುತ್ತವೆ. ಯಾವ ಪೆಟ್ಟೂ ಇಲ್ಲದೆ ಬೇರೆಬೇರೆ ಕಾಲುಗಳ ಉಗುರುಗಳು ಒಂದಾದ ಮೇಲೊಂದು ಸಡಿಲಗೊಂಡು ಕಳಚತೊಡಗಿದರೆ, ಜರ್ಮನ್ ಷೆಪರ್ಡ್ ಜಾತಿಯಲ್ಲಿ ಹೆಚ್ಚಾಗಿ ಕಾಣುವ, ಶರೀರದ ರಕ್ಷಣಾಶಕ್ತಿಯೇ ಉಗುರಿನ ಮೇಲೆ ತಿರುಗಿ ಬೀಳುವ ವ್ಯಾಧಿಯೊಂದನ್ನು ವೈದ್ಯರು ಶಂಕಿಸುತ್ತಾರೆ. ಕಪ್ಪು ಬಣ್ಣದ ದೊಡ್ಡ ನಾಯಿಯೊಂದರ ಒಂದೇ ಬೆರಳು ಊದಿಕೊಂಡು, ಔಷಧಕ್ಕೆ ಬಗ್ಗದೆ, ಉಗುರು ವಕ್ರವಾಗುತ್ತಿದ್ದರೆ ಅದು ಬುಡದಲ್ಲಿ ಬೆಳೆಯುತ್ತಿರುವ ಗೆಡ್ಡೆಯೂ ಆಗಿರಬಹುದಾದ್ದರಿಂದ, ತಡಮಾಡದೆ ಎಕ್ಸ್-ರೇ ತೆಗೆಸಬೇಕು. ಉದುರಿದ ಉಗುರು ಸಿಕ್ಕಿದರೆ ಅದನ್ನು ಎಸೆಯದೆ ಕಾಗದದಲ್ಲಿ ಸುತ್ತಿ ಒಯ್ಯುವುದು ಒಳ್ಳೆಯದು, ಪರೀಕ್ಷೆಗೆ ಬೇಕಾದೀತು.